ಮಾಡ್ಯೂಲ್ ಬೇರೆ ಮಾಡಿದ ಮೇಲೆ ಎಲ್ಲಾ ಪೇಜೂ 404. ರೂಟಿಂಗ್‌ನಲ್ಲಿ ಏನು ತಪ್ಪಿದೆ?

ಪ್ರಶ್ನೆ: ಮೇಡಂ, ನಮ್ಮದು ಕಾಲೇಜಿನ ಫೀಸು, ಹಾಸ್ಟೆಲ್ ನೋಡಿಕೊಳ್ಳುವ ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಆಪ್. ಒಂದೇ ಪ್ರಾಜೆಕ್ಟ್ ಆಗಿದ್ದನ್ನು ಈಗ ಮೇವನ್ ಅನ್ನುವ ಬಿಲ್ಡ್ ಟೂಲಿನಲ್ಲಿ ಕಾಮನ್, ಫೀಸ್, ಹಾಸ್ಟೆಲ್, ವೆಬ್ ಅಂತ ನಾಲ್ಕು ಮಾಡ್ಯೂಲ್ ಮಾಡಿದ್ದೇವೆ. ಬಿಲ್ಡ್ ಆಗುತ್ತದೆ, ಸ್ಟಾರ್ಟೂ ಆಗುತ್ತದೆ. ಆದರೆ ಫೀಸಿನದಾಗಲಿ ಹಾಸ್ಟೆಲಿನದಾಗಲಿ, ಯಾವ ಪೇಜ್ ತೆಗೆದರೂ 404, ಅಂದರೆ ಪೇಜ್ ಸಿಗಲಿಲ್ಲ ಅಂತ ಬರುತ್ತದೆ. ಮೇನ್ ಕ್ಲಾಸ್ ಕಾಮ್.ಕಾಲೇಜ್.ವೆಬ್‌ನಲ್ಲಿದೆ, ಹಾಸ್ಟೆಲ್ ಕಂಟ್ರೋಲರ್ (ಪೇಜ್ ಕೇಳಿದಾಗ ಉತ್ತರ ಕೊಡುವ ಕ್ಲಾಸ್) ಕಾಮ್.ಕಾಲೇಜ್.ಹಾಸ್ಟೆಲ್‌ನಲ್ಲಿದೆ. ರೂಟಿಂಗ್‌ಗೆ, ಅಂದರೆ ಯಾವ ಪಾತ್ ಯಾವ ಕಂಟ್ರೋಲರ್‌ಗೆ ಹೋಗಬೇಕು ಅನ್ನುವುದಕ್ಕೆ, ಬೇರೆ ಕಾನ್ಫಿಗ್ ಬರೆಯಬೇಕಾ?

ಉತ್ತರ: ಬೇಡ. ರೂಟಿಂಗ್ ಸರಿಯಾಗೇ ಇದೆ, ನಿಮ್ಮ ಕಂಟ್ರೋಲರ್‌ಗಳು ಸ್ಪ್ರಿಂಗ್ ಕಣ್ಣಿಗೇ ಬಿದ್ದಿಲ್ಲ. ಮೇನ್ ಕ್ಲಾಸ್ ಯಾವ ಪ್ಯಾಕೇಜಿನಲ್ಲಿದೆಯೋ ಅದನ್ನೂ ಅದರ ಒಳಗಿರುವುದನ್ನೂ ಮಾತ್ರ ಸ್ಪ್ರಿಂಗ್ ಸ್ಕ್ಯಾನ್ ಮಾಡುತ್ತದೆ. ವೆಬ್, ಹಾಸ್ಟೆಲ್ ಎರಡೂ ಅಕ್ಕಪಕ್ಕದ ಪ್ಯಾಕೇಜುಗಳು, ಒಂದರೊಳಗೆ ಒಂದಿಲ್ಲ. ಪಾಮ್ ಫೈಲಿನಲ್ಲಿ (ಮೇವನ್‌ನ ಸೆಟ್ಟಿಂಗ್ ಫೈಲ್) ಡಿಪೆಂಡೆನ್ಸಿ ಇದ್ದರೆ ಕಂಪೈಲ್ ಆಗುತ್ತದೆ ಅಷ್ಟೇ. ಬೀನ್, ಅಂದರೆ ಸ್ಪ್ರಿಂಗ್ ತಾನೇ ನೋಡಿಕೊಳ್ಳುವ ಆಬ್ಜೆಕ್ಟ್, ಆಗಬೇಕಾದರೆ ಸ್ಕ್ಯಾನ್‌ಗೆ ಸಿಗಬೇಕು. ಅದಕ್ಕೇ ಎರರ್ ಇಲ್ಲದೆ ಸುಮ್ನೆ 404 ಬರುತ್ತಿದೆ.

ಮೇನ್ ಕ್ಲಾಸನ್ನು ಕಾಮ್.ಕಾಲೇಜ್‌ಗೆ ತನ್ನಿ. ಫೈಲ್ ವೆಬ್ ಮಾಡ್ಯೂಲಿನಲ್ಲೇ ಇರಲಿ, ಪ್ಯಾಕೇಜ್ ಮಾತ್ರ ಒಂದು ಮೆಟ್ಟಿಲು ಮೇಲಕ್ಕೆ ಹೋಗಲಿ. ಯಾವ ಪ್ಯಾಕೇಜ್ ಸ್ಕ್ಯಾನ್ ಮಾಡಬೇಕು ಅಂತ ಹೇಳುವ ಸ್ಕ್ಯಾನ್‌ಬೇಸ್‌ಪ್ಯಾಕೇಜಸ್ ಕೊಟ್ಟೂ ಸರಿಮಾಡಬಹುದು, ಆದರೆ ನನಗೆ ಆ ದಾರಿ ಇಷ್ಟವಿಲ್ಲ. ಆಮೇಲೆ ಜೆಪಿಎ ಎಂಟಿಟಿಗಳಿಗೆ (ಡೇಟಾಬೇಸ್ ಟೇಬಲ್‌ಗೆ ಹೊಂದುವ ಕ್ಲಾಸುಗಳು) ಒಂದು, ಆ ಡೇಟಾ ತೆಗೆದು ಉಳಿಸುವ ರೆಪಾಸಿಟರಿಗಳಿಗೆ ಒಂದು ಅಂತ ಬೇರೆ ಅನೊಟೇಶನ್ ಹಾಕುತ್ತಾ ಕೂರಬೇಕು.

ಪಾತ್ ವಿಷಯ: ಹಾಸ್ಟೆಲ್ ಕಂಟ್ರೋಲರ್‌ಗಳೆಲ್ಲ /ಹಾಸ್ಟೆಲ್ ಇಂದಲೇ ಶುರುವಾಗಲಿ, ಕ್ಲಾಸಿನ ಮೇಲೇ ರಿಕ್ವೆಸ್ಟ್‌ಮ್ಯಾಪಿಂಗ್ ಹಾಕಿ. ಇಬ್ಬರು ಒಂದೇ ಪಾತ್ ಬರೆದರೆ ಆಪ್ 'ಆ್ಯಂಬಿಗ್ಯುಯಸ್ ಮ್ಯಾಪಿಂಗ್' ಅಂತ ಸ್ಟಾರ್ಟ್ ಆಗುವಾಗಲೇ ನಿಲ್ಲುತ್ತದೆ. ಅದು ಒಳ್ಳೆಯದೇ ಬಿಡಿ. ಯಾವ ಪಾತ್ ಯಾರಿಗೆ ಹೋಗುತ್ತದೆ ಅಂತ ನೋಡಲು ಆಪ್‌ನ ಒಳಸ್ಥಿತಿ ತೋರಿಸುವ ಆಕ್ಚುಯೇಟರ್‌ನ ಮ್ಯಾಪಿಂಗ್ಸ್ ಎಂಡ್‌ಪಾಯಿಂಟ್ ತೆರೆಯಿರಿ, ಪ್ರೊಡಕ್ಷನ್‌ನಲ್ಲಿ ಮಾತ್ರ ಬೇಡ.

ಹಾಗೇ, ಬೂಟ್‌ನ ಮೇವನ್ ಪ್ಲಗಿನ್ ವೆಬ್‌ನಲ್ಲಿ ಮಾತ್ರ ಇರಬೇಕು. ಹಾಸ್ಟೆಲ್‌ನಲ್ಲೂ ಇದ್ದರೆ ಅದರ ಜಾರ್‌ನಲ್ಲಿ ಕ್ಲಾಸುಗಳು ಬೂಟ್-ಇನ್ಫ್ ಫೋಲ್ಡರ್ ಒಳಗೆ ಸೇರಿ, ವೆಬ್‌ಗೆ ಆ ಪ್ಯಾಕೇಜೇ ಸಿಗುವುದಿಲ್ಲ.

ಪ್ರಶ್ನೆ: ಪೇಜ್ ಬಂತು ಮೇಡಂ, ಥ್ಯಾಂಕ್ಸ್! ಇನ್ನೊಂದು. ಕೋಣೆ ಕೊಡುವ ಮುಂಚೆ ಹಾಸ್ಟೆಲ್‌ಗೆ ಫೀಸು ಕಟ್ಟಿದ್ದಾರಾ ಅಂತ ಗೊತ್ತಾಗಬೇಕು. ಫೀಸ್‌ಗೆ ಹಾಸ್ಟೆಲ್ ಬಾಕಿ ಬೇಕು. ಎರಡೂ ಕಡೆ ಡಿಪೆಂಡೆನ್ಸಿ ಹಾಕಿದರೆ ಮೇವನ್ 'ಸೈಕ್ಲಿಕ್ ರೆಫರೆನ್ಸ್' ಅನ್ನುತ್ತದೆ. ಎರಡನ್ನೂ ಕಾಮನ್‌ಗೆ ಹಾಕಿಬಿಡಲಾ?

ಉತ್ತರ: ಅಯ್ಯೋ ಬೇಡ! ಹಾಗಾದರೆ ಮಾಡ್ಯೂಲ್ ಬೇರೆ ಮಾಡಿದ್ದಾದರೂ ಯಾಕೆ? ಹಾಸ್ಟೆಲ್ ಫೀಸನ್ನು ಅವಲಂಬಿಸಲಿ, ಉಲ್ಟಾ ಬೇಡ. ಫೀಸ್‌ಗೆ ಕೋಣೆ ನಂಬರ್ ಯಾಕೆ? ಯಾರು, ಎಷ್ಟು, ಯಾವುದಕ್ಕೆ ಅಂತ ಗೊತ್ತಾದರೆ ಸಾಕಲ್ವಾ? ಫೀಸ್ ಮಾಡ್ಯೂಲಿನಲ್ಲೇ 'ಬಾಕಿ ಹೇಳುವವರು' ಅಂತ ಒಂದು ಇಂಟರ್‌ಫೇಸ್ ಇಡಿ, ಹಾಸ್ಟೆಲ್ ಅದನ್ನು ಇಂಪ್ಲಿಮೆಂಟ್ ಮಾಡಲಿ. ಫೀಸ್ ಸರ್ವಿಸ್ ಆ ಇಂಟರ್‌ಫೇಸಿನ ಲಿಸ್ಟ್ ಕೇಳಿದರೆ ಇರುವ ಅಷ್ಟೂ ಇಂಪ್ಲಿಮೆಂಟೇಶನ್‌ಗಳನ್ನು ಸ್ಪ್ರಿಂಗ್ ತಂದುಕೊಡುತ್ತದೆ. ನಾಳೆ ಲೈಬ್ರರಿ ಫೈನ್ ಸೇರಿಸಿದರೂ ಫೀಸ್ ಕೋಡ್ ಮುಟ್ಟಬೇಕಿಲ್ಲ.

ಆ ಇಂಪ್ಲಿಮೆಂಟೇಶನ್ ಕ್ಲಾಸಿನೊಳಗೆ ಮತ್ತೆ ಫೀಸ್ ಸರ್ವಿಸ್ ಇಂಜೆಕ್ಟ್ ಮಾಡಬೇಡಿ (ಸ್ಪ್ರಿಂಗ್‌ನಿಂದ ತರಿಸಿಕೊಳ್ಳಬೇಡಿ). ಮೇವನ್ ಬಿಟ್ಟರೂ ಸ್ಪ್ರಿಂಗ್ ಬಿಡುವುದಿಲ್ಲ: ಬೂಟ್ 2.6ರಿಂದ ಬೀನ್‌ಗಳ ಸುತ್ತು, ಅಂದರೆ ಇದಕ್ಕೆ ಅದು, ಅದಕ್ಕೆ ಇದು ಬೇಕು ಅನ್ನುವುದು, ಡಿಫಾಲ್ಟ್ ಆಗಿಯೇ ನಿಷಿದ್ಧ. ಕೋಣೆ ಕೊಡುವ ಸರ್ವಿಸ್ ಒಂದು ಕ್ಲಾಸ್, ಬಾಕಿ ಹೇಳುವುದು ಇನ್ನೊಂದು ಕ್ಲಾಸ್ ಆಗಿರಲಿ.