ಪದಚರ್ಚೆ: ಅಮೆರಿಕದ ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳದಿದ್ದರೆ ಅದು 'ವಜಾ'ನಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕೋರ್ಟ್ ಸುದ್ದಿಗಳನ್ನು ಕನ್ನಡದಲ್ಲಿ ಬರೆಯುವಾಗ ಒಂದು ಪದ ಪದೇ ಪದೇ ಕಾಲಿಗೆ ತೊಡರುತ್ತದೆ. ಅಲ್ಲಿನ ಸುಪ್ರೀಂ ಕೋರ್ಟ್ ಒಂದು ಅರ್ಜಿಯನ್ನು 'ಡಿನೈ' ಮಾಡಿತು ಅಂದಾಗ ನಾವು 'ವಜಾ' ಅಂತ ಬರೆದುಬಿಡುತ್ತೇವೆ. ಅದರ ಹಿಂದೆಯೇ 'ಕೆಳಗಿನ ಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು' ಅನ್ನುವ ಸಾಲೂ ಬರುತ್ತದೆ. ನನ್ನ ತಕರಾರು ಈ ಎರಡನೇ ಸಾಲಿನ ಮೇಲೆ.

ಮುಂಬೈ ದಾಳಿಯ ಆರೋಪಿ ತಹವ್ವುರ್ ರಾಣಾ ಪ್ರಕರಣವನ್ನೇ ನೋಡಿ. 2011ರಲ್ಲಿ ಶಿಕಾಗೋದ ಜ್ಯೂರಿ ಆತನನ್ನು ಮುಂಬೈ ದಾಳಿಗೆ ನೆರವಾದ ಆರೋಪದಿಂದ ಖುಲಾಸೆ ಮಾಡಿತ್ತು. ಬೇರೆ ಎರಡು ಆರೋಪಗಳಲ್ಲಿ ತಪ್ಪಿತಸ್ಥ ಅಂದಿತ್ತು. ಒಮ್ಮೆ ಖುಲಾಸೆ ಆದ ಮೇಲೆ ಅದೇ ಅಪರಾಧಕ್ಕೆ ಭಾರತಕ್ಕೆ ಕಳಿಸುವ ಹಾಗಿಲ್ಲ, ಎರಡು ದೇಶಗಳ ಒಪ್ಪಂದದಲ್ಲೇ ಹಾಗಿದೆ ಅನ್ನುವುದು ಆತನ ವಾದ. ಹಾಗಾದರೆ ಒಪ್ಪಂದದಲ್ಲಿ 'ಅಪರಾಧ' ಅಂದರೆ ಮಾಡಿದ ಕೃತ್ಯವೋ, ಹೊರಿಸಿದ ಆರೋಪವೋ? 2024ರ ಆಗಸ್ಟ್‌ನಲ್ಲಿ 9ನೇ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟ್, ಹೊರಿಸಿದ ಆರೋಪವನ್ನೇ ನೋಡಬೇಕು ಅಂದಿತು. ಭಾರತದ ಆರೋಪಗಳನ್ನು ಸಾಬೀತು ಮಾಡಲು ಬೇಕಾದ ಅಂಶಗಳು ಬೇರೆ, ಆದ್ದರಿಂದ ಕಳಿಸಬಹುದು ಅನ್ನುವುದು ಅದರ ತೀರ್ಮಾನ.

ರಾಣಾ ಸುಪ್ರೀಂ ಕೋರ್ಟಿಗೆ ಹೋದ. 2025ರ ಜನವರಿ 21ರಂದು ಅಲ್ಲಿಂದ ಹೊರಬಂದದ್ದು ಒಂದು ಆದೇಶಪಟ್ಟಿ. 'ಸರ್ಷಿಯೊರರಿ ನಿರಾಕರಣೆ' (ಅಂದರೆ ಕೆಳಗಿನ ಕೋರ್ಟಿನ ಕಡತ ತರಿಸಿ ಪ್ರಕರಣ ಕೇಳಲು ಒಪ್ಪದಿರುವುದು) ಅನ್ನುವ ತಲೆಬರಹದ ಕೆಳಗೆ ಸಾಲುಸಾಲು ಪ್ರಕರಣಗಳು, ಅವುಗಳ ನಡುವೆ ಇದೂ ಒಂದು. ಕಾರಣ ಕೊಟ್ಟಿಲ್ಲ. ಯಾರು ಯಾವ ಕಡೆ ಅಂತಲೂ ಹೇಳಿಲ್ಲ. ನಮ್ಮಲ್ಲಿ ಮಾತ್ರ ಸುದ್ದಿ ಹರಡಿದ್ದು 'ಹಸ್ತಾಂತರಕ್ಕೆ ಅಮೆರಿಕ ಸುಪ್ರೀಂ ಕೋರ್ಟ್ ಒಪ್ಪಿಗೆ' ಅನ್ನುವ ಧಾಟಿಯಲ್ಲಿ. ಕೋರ್ಟ್ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ, 'ಅಪರಾಧ'ದ ಅರ್ಥವನ್ನೂ ಹೇಳಿರಲಿಲ್ಲ. ಸುಮ್ನೆ ಕಡತ ತರಿಸಿಕೊಳ್ಳಲಿಲ್ಲ, ಅಷ್ಟೇ.

ಅಲ್ಲಿ ಇದು ದಿನನಿತ್ಯದ ವಿಷಯ. 1925ರ ಕಾನೂನು ಬರುವ ತನಕ ಆ ಕೋರ್ಟ್ ಬಹಳಷ್ಟು ಮೇಲ್ಮನವಿಗಳನ್ನು ಕೇಳಲೇಬೇಕಿತ್ತು. ಮುಖ್ಯ ನ್ಯಾಯಮೂರ್ತಿ ಟಾಫ್ಟ್ ಪಟ್ಟು ಹಿಡಿದು ಆ ಕಾನೂನು ತರಿಸಿದರು (ಅದಕ್ಕೂ ಮೊದಲು ಅವರು ದೇಶದ ಅಧ್ಯಕ್ಷರಾಗಿದ್ದವರು, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಕೆಲಸ ಮಾಡಿಸಿಕೊಳ್ಳುವುದು ಗೊತ್ತಿತ್ತು). 1988ರಲ್ಲಿ ಉಳಿದ ಕಡ್ಡಾಯ ಮೇಲ್ಮನವಿಗಳೂ ಹೆಚ್ಚುಕಡಿಮೆ ಹೋದವು. ಈಗ 9 ಜನರಲ್ಲಿ 4 ಜನ 'ಕೇಳೋಣ' ಅಂದರೆ ಮಾತ್ರ ಪ್ರಕರಣ ಒಳಗೆ ಬರುತ್ತದೆ. ವರ್ಷಕ್ಕೆ ಸಾವಿರಾರು ಅರ್ಜಿ ಬರುತ್ತವೆ, ವಾದ ಕೇಳುವುದು 60-70 ಪ್ರಕರಣಗಳಲ್ಲಿ. ನಿರಾಕರಿಸಿದ್ದಕ್ಕೆ ಕೆಳಗಿನ ತೀರ್ಪು ಸರಿ ಅನ್ನುವ ಅರ್ಥವಿಲ್ಲ ಅಂತ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ 1950ರಲ್ಲೇ ಬಿಡಿಸಿ ಬರೆದಿದ್ದಾರೆ.

'ಸರ್ಷಿಯೊರರಿ' ಅಂತಲೇ ಇಡೋಣ ಅಂದರೆ ಇನ್ನೊಂದು ಗೋಜಲು. ನಮ್ಮ ಪಿಯುಸಿ ಓದಿದವರಿಗೆ ಅದು ಕೋರ್ಟ್ ಹೊರಡಿಸುವ ಐದು ರಿಟ್‌ಗಳಲ್ಲಿ (ವಿಶೇಷ ಆದೇಶಗಳಲ್ಲಿ) ಒಂದು, ಕೆಳಗಿನವರ ಆದೇಶವನ್ನು ರದ್ದು ಮಾಡುವಂಥದ್ದು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಅದು ಒಳಗೆ ಹೋಗುವ ಬಾಗಿಲು ಮಾತ್ರ. ನಮ್ಮಲ್ಲಿ ಅದಕ್ಕೆ ಹತ್ತಿರ ಇರುವುದು ಸಂವಿಧಾನದ 136ನೇ ವಿಧಿಯ ವಿಶೇಷ ಮೇಲ್ಮನವಿ ಅನುಮತಿ ಅರ್ಜಿ. ಅದು ಶುರುವಿನಲ್ಲೇ ಕಾರಣ ಕೊಡದೆ ವಜಾ ಆದರೆ ಹೈಕೋರ್ಟ್ ತೀರ್ಪಿಗೆ ಸುಪ್ರೀಂ ಕೋರ್ಟಿನ ಮುದ್ರೆ ಬಿದ್ದ ಹಾಗಲ್ಲ. 2000ದಲ್ಲಿ ಕುಂಞಹಮ್ಮದ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟೇ ಹೇಳಿದ ಮಾತಿದು. ನಮ್ಮ ಕೊಳ್ಳೇಗಾಲದ ಮಹದೇಶ್ವರ ಸಕ್ಕರೆ ಕಾರ್ಖಾನೆಯ ವಿರುದ್ಧ ಖೋಡೆ ಡಿಸ್ಟಿಲರೀಸ್ ಹೋಗಿದ್ದ ಪ್ರಕರಣದಲ್ಲಿ 2019ರಲ್ಲಿ ಅದನ್ನೇ ಮತ್ತೆ ಹೇಳಿದರು. ಆದರೆ ಕನ್ನಡದಲ್ಲಿ ಎರಡಕ್ಕೂ 'ವಜಾ'ನೇ. ವಾದ ಕೇಳಿ ಸೋಲಿಸಿದರೂ ವಜಾ, ಬಾಗಿಲಲ್ಲೇ ವಾಪಸ್ ಕಳಿಸಿದರೂ ವಜಾ, ನೌಕರಿಯಿಂದ ತೆಗೆದರೂ ವಜಾ.

ಪ್ರಸಂಗ ಬಂತು ಅಂತ ಇನ್ನೊಂದು. 'ಸರ್ಕ್ಯೂಟ್' ಅಂದರೆ ಧಾರವಾಡ, ಕಲಬುರಗಿಯವರಿಗೆ 'ಸಂಚಾರಿ ಪೀಠ' ನೆನಪಾಗಬಹುದು. 2008ರಲ್ಲಿ ಅಲ್ಲಿ ಶುರುವಾದ ಪೀಠಗಳಿಗೆ, 2013ರಲ್ಲಿ ಕಾಯಂ ಆಗುವ ತನಕ, ಅದೇ ಹೆಸರಿತ್ತು. ಅಮೆರಿಕದಲ್ಲೂ ಹಿಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಕುದುರೆ, ಗಾಡಿ ಹತ್ತಿ ಊರೂರು ತಿರುಗಿದ್ದುಂಟು. ಈಗ 9ನೇ ಸರ್ಕ್ಯೂಟ್ ಅಂದರೆ ಕ್ಯಾಲಿಫೋರ್ನಿಯಾ ಮತ್ತು ಸುತ್ತಲಿನ ರಾಜ್ಯಗಳ ವ್ಯಾಪ್ತಿ, ಅಷ್ಟೇ. ಹಾಗಾಗಿ 'ಸಂಚಾರಿ' ಅನ್ನುವುದು ಬೇಡ ಅನಿಸುತ್ತದೆ.

ನಾನಂತೂ ವರದಿಯ ಒಳಗೆ 'ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ, ಕೆಳಗಿನ ತೀರ್ಪು ಹಾಗೇ ಉಳಿಯಿತು' ಅಂತ ಬರೆಯುತ್ತೇನೆ. ಎತ್ತಿಕೊಳ್ಳದ್ದನ್ನು ಎತ್ತಿಹಿಡಿಯುವುದು ಹೇಗೆ, ಅಲ್ವಾ? ಶೀರ್ಷಿಕೆಗೆ ಇದು ಉದ್ದ. 'ವಿಚಾರಣೆಗೆ ನಕಾರ' ಚಿಕ್ಕದು. ಆದರೆ ನಮ್ಮ ಪತ್ರಿಕೆಗಳಲ್ಲಿ 'ತುರ್ತು ವಿಚಾರಣೆಗೆ ನಕಾರ' ಅಂದರೆ ಅರ್ಜಿ ಇನ್ನೂ ಜೀವಂತ ಇದೆ ಅಂತ. ಓದುಗರು ಅದರ ಜೊತೆ ಬೆರೆಸಿಕೊಂಡಾರು.

ಬಳಗದಲ್ಲಿರುವ ವಕೀಲರನ್ನು ಕೇಳುವುದು ಇಷ್ಟು: ಮೇಲ್ಮನವಿಯನ್ನು ಅಂಗೀಕಾರದ ಹಂತದಲ್ಲೇ ಕೈಬಿಟ್ಟಾಗ ನಿಮ್ಮಲ್ಲಿ ಕನ್ನಡದ ಆದೇಶಗಳಲ್ಲಿ 'ವಜಾ' ಬಿಟ್ಟು ಬೇರೆ ಪದ ಬಳಕೆಯಲ್ಲಿದೆಯೇ? ಕಕ್ಷಿದಾರರಿಗೆ ಬಾಯಿಮಾತಿನಲ್ಲಿ ಏನಂತ ಹೇಳುತ್ತೀರಿ? ನನಗೆ ಆ ಬಾಯಿಮಾತೇ ಜಾಸ್ತಿ ಉಪಯೋಗಕ್ಕೆ ಬರಬಹುದು.