ಓಟಿಪಿ ಹಾಕಿ ಕೊಂಡ ಮೇಜು ಬಂದಿಲ್ಲ, ಬ್ಯಾಂಕ್ ದೂರು ಮುಚ್ಚಿದೆ: ಮುಂದೇನು?

ಕೊತ್ರೂಡ್_ಪುಣೆ:
ಆನ್‌ಲೈನ್ ಅಂಗಡಿಯೊಂದಕ್ಕೆ ವೀಸಾ ಕ್ರೆಡಿಟ್ ಕಾರ್ಡಿನಿಂದ 18,500 ರೂಪಾಯಿ ಕೊಟ್ಟು ಮೇಜು ಆರ್ಡರ್ ಮಾಡಿದ್ದು. ಕೊಡುತ್ತೇವೆ ಎಂದ ತಾರೀಖು ದಾಟಿ ತಿಂಗಳಾಯಿತು. ಈಗ "ರಿಫಂಡ್ ಹಾಕಿದ್ದೇವೆ" ಅನ್ನುತ್ತಾರೆ, ಸ್ಟೇಟ್‌ಮೆಂಟಿನಲ್ಲಿ ಇಲ್ಲ. ಆ್ಯಪ್‌ನಲ್ಲಿ "ಈ ವ್ಯವಹಾರ ನಾನು ಮಾಡಿದ್ದಲ್ಲ" ಎಂಬಲ್ಲಿ ದೂರು ಕೊಟ್ಟರೆ, ಓಟಿಪಿ ಬಳಕೆಯಾಗಿದೆ ಎಂದು ಬ್ಯಾಂಕ್ ಮುಚ್ಚಿದೆ. ಬೇರೆ ದಾರಿ ಇದೆಯೇ?

ಮಾಟುಂಗಾ_ಲೆಕ್ಕ:
ಇದೆ ಸರ್. ಆ ಆಯ್ಕೆ ಇರುವುದು ನಿಮ್ಮ ಕಾರ್ಡನ್ನು ಬೇರೆಯವರು ಬಳಸಿದಾಗ. ಓಟಿಪಿ ನೀವೇ ಹಾಕಿದ್ದರಿಂದ ಅಲ್ಲಿ ನಿಲ್ಲುವುದಿಲ್ಲ. "ಸರಕು ಬಂದಿಲ್ಲ" ಎಂಬ ದೂರಿಗೆ ಮಾತ್ರ ಓಟಿಪಿ ಅಡ್ಡಿಯೇ ಅಲ್ಲ. ಕೊಂಡದ್ದು ನೀವೇ ಎಂದು ಒಪ್ಪಿಕೊಂಡೇ ಕೇಳುವ ಹಣ ಅದು. ವೀಸಾದಲ್ಲಿ ಇದರ ಕೋಡ್ 13.1. ರಿಫಂಡ್ ಒಪ್ಪಿಯೂ ಹಾಕದಿದ್ದರೆ 13.6. ಕಸ್ಟಮರ್ ಕೇರ್‌ನವರಿಗೆ ಕೋಡ್ ಗೊತ್ತಿರಬೇಕೆಂದಿಲ್ಲ. ಹಾಗಾಗಿ ಇಮೇಲ್‌ನಲ್ಲಿ "ಇದು ವಂಚನೆಯ ದೂರಲ್ಲ, ಸರಕು ತಲುಪದ ದೂರು, ಚಾರ್ಜ್‌ಬ್ಯಾಕ್ ಹಾಕಿ" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಚಾರ್ಜ್‌ಬ್ಯಾಕ್ ಎಂದರೆ ನಿಮ್ಮ ಬ್ಯಾಂಕಿನ ಮೂಲಕ ಅಂಗಡಿಯಿಂದ ಹಣ ವಾಪಸ್ ಕೇಳುವುದು.

ಅದಕ್ಕೂ ಮುಂಚೆ ಅಂಗಡಿಯಿಂದ ಎಆರ್‌ಎನ್ ಕೇಳಿ, ಅದು ಕಾರ್ಡ್ ವ್ಯವಹಾರವನ್ನು ಗುರುತಿಸುವ 23 ಅಂಕಿಯ ಸಂಖ್ಯೆ. ರಿಫಂಡ್ ನಿಜವಾಗಿ ಹೊರಟಿದ್ದರೆ ಅದು ಇರುತ್ತದೆ, ಅದನ್ನು ಹಿಡಿದು ನಿಮ್ಮ ಬ್ಯಾಂಕ್ ಹಣ ಹುಡುಕಬಲ್ಲದು. ಬರೀ ಸ್ಕ್ರೀನ್‌ಶಾಟ್ ಕಳಿಸಿದರೆ ಒಪ್ಪಬೇಡಿ. ಫೋನ್ ಸಾಲದು, ಬರಹದಲ್ಲೇ ಕೇಳಿ. ಅವರು ಉತ್ತರಿಸದಿದ್ದರೆ ಅದೂ ನಿಮ್ಮ ಸಾಕ್ಷಿ.

ಆರ್ಡರ್ ರಸೀದಿ, ತಲುಪಿಸುವ ತಾರೀಖು ಕಾಣುವ ಪುಟ, ಅಂಗಡಿಯೊಂದಿಗಿನ ಮಾತುಕತೆ, ಇಷ್ಟನ್ನೂ ಒಂದೇ ಪಿಡಿಎಫ್ ಮಾಡಿ. ತಾರೀಖಿನ ಪುಟ ಬಹಳ ಮುಖ್ಯ. 13.1ರ 120 ದಿನಗಳ ಗಡುವನ್ನು ಸರಕು ಬರಬೇಕಿದ್ದ ದಿನದಿಂದಲೂ ಎಣಿಸಬಹುದು, ಅದನ್ನು ತೋರಿಸುವುದು ಈ ಪುಟವೇ. ಆದರೆ ಕೊನೇ ವಾರದವರೆಗೆ ಕಾಯಬೇಡಿ, ಬ್ಯಾಂಕಿಗೂ ಕಾಗದ ನೋಡಲು ಸಮಯ ಬೇಕು.

ಕೊತ್ರೂಡ್_ಪುಣೆ:
ಅಲ್ಲಿಯವರೆಗೆ ಬಿಲ್ ಕಟ್ಟದೆ ಇರಬಹುದೇ? ದೂರು ವಾಪಸ್ ತೆಗೆದರೆ ಹಣ ಕೊಡುತ್ತೇವೆ ಎಂದೂ ಅಂಗಡಿಯವರು ಹೇಳುತ್ತಿದ್ದಾರೆ.

ವಾಸ್ಕೊ_ಕನ್ನಡಿಗ:
ವಾಪಸ್ ತೆಗೆಯಲೇಬೇಡಿ ಸರ್! ಒಮ್ಮೆ ತೆಗೆದ ದೂರನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ, ಅಷ್ಟರಲ್ಲಿ ಗಡುವೂ ಕರಗುತ್ತದೆ. ಹಣ ಕಾರ್ಡಿಗೆ ಬಿದ್ದ ಮೇಲೆ ನೀವೇ ಬ್ಯಾಂಕಿಗೆ ತಿಳಿಸಿದರಾಯಿತು.

ಬಿಲ್ ಪೂರ್ತಿ ಕಟ್ಟಿ. ವಿವಾದದ ಮೊತ್ತಕ್ಕೆ ತಡೆ ಕೊಟ್ಟಿದ್ದೇವೆ ಎಂದು ಬ್ಯಾಂಕ್ ಬರಹದಲ್ಲಿ ಹೇಳಿದ್ದರೆ ಮಾತ್ರ ಅಷ್ಟನ್ನು ಬಿಡಿ. ಇಲ್ಲವಾದರೆ ಉಳಿದ ಖರೀದಿಗಳ ಮೇಲೂ ಬಡ್ಡಿ ಬೀಳುತ್ತದೆ, ಕ್ರೆಡಿಟ್ ಸ್ಕೋರ್‌ಗೂ ಪೆಟ್ಟು.

ಮಧ್ಯೆ ತಾತ್ಕಾಲಿಕವಾಗಿ ಹಣ ಜಮೆಯಾದರೆ ಗೆದ್ದಂತಲ್ಲ. ಸರಕು ತಲುಪಿಸಿದ್ದೇವೆ ಎಂದು ಅಂಗಡಿಯವರು ದಾಖಲೆ ಕೊಟ್ಟರೆ ಅದು ಹಿಂದಕ್ಕೆ ಹೋಗಬಹುದು. ಆಗ ಆ ದಾಖಲೆಯ ಪ್ರತಿ ಕೇಳಿ: ಕೊರಿಯರ್ ರಸೀದಿಯಲ್ಲಿ ವಿಳಾಸ, ಪಿನ್‌ಕೋಡ್, ಸಹಿ, ತೂಕ ನೋಡಿ. ಮೇಜಿನ ತೂಕದ ಜಾಗದಲ್ಲಿ ಅರ್ಧ ಕಿಲೋ ಇದ್ದರೆ ಅದೊಂದೇ ಸಾಕು. ಬ್ಯಾಂಕ್ ಹೇಳಿದ ಗಡುವಿನೊಳಗೇ ಉತ್ತರ ಕೊಡಿ.

ಮಾಟುಂಗಾ_ಲೆಕ್ಕ:
ಒಂದು ಸೇರಿಸುತ್ತೇನೆ. ದೂರು ಸಂಖ್ಯೆ ಪಡೆದು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಸಿಎಂಎಸ್ ಎಂಬ ದೂರು ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಉಚಿತವಾಗಿ ದೂರು ಹಾಕಬಹುದು, ಮಾಹಿತಿಗೆ 14448. ಅಲ್ಲಿ ಬರೆಯಬೇಕಾದ್ದು ಬ್ಯಾಂಕಿನ ಲೋಪ. ಅಂಗಡಿಯ ಮೇಲಿನ ದೂರು ಗ್ರಾಹಕ ಸಹಾಯವಾಣಿ 1915ಕ್ಕೆ, ಎರಡನ್ನೂ ಬೆರೆಸಬೇಡಿ.