ಪರೀಕ್ಷೆ ಭಯಕ್ಕೆ ವ್ಯಾಯಾಮ: ಯಾವುದು, ಎಷ್ಟು, ಯಾವಾಗ?

ಪ್ರಶ್ನೆ
ಕಾಲೇಜು ಮಕ್ಕಳ ಪರೀಕ್ಷೆಗೆ ಇನ್ನು ಮೂರು ವಾರ ಇದೆ. ಚೆನ್ನಾಗಿ ಓದಿಕೊಂಡವರಿಗೂ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದೆ ಢವಢವ, ಅಂಗೈ ಬೆವರು. ವ್ಯಾಯಾಮ ಮಾಡಿಸಿ ಅಂತಾರೆ. ಯಾವುದು, ಎಷ್ಟು ಹೊತ್ತು? ಪರೀಕ್ಷೆ ದಿನವೂ ಮಾಡಬಹುದಾ?

ಉತ್ತರ 1
ಮೂರು ವಾರ ಇದೆಯಲ್ಲ, ಇವತ್ತೇ ಶುರು ಮಾಡಿಸಿ. ಬಿರುಸು ನಡಿಗೆ, ನಿಧಾನದ ಓಟ, ಸೈಕಲ್ ಯಾವುದಾದರೂ ಸರಿ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ: ಮೊದಲ 5 ಮತ್ತು ಕೊನೆಯ 5 ನಿಮಿಷ ಮೆಲ್ಲಗೆ, ನಡುವಿನ 20 ನಿಮಿಷ ಬಿರುಸಾಗಿ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ಬಿರುಸು. ನಾಡಿ ಎಣಿಸುವುದಾದರೆ 17 ವರ್ಷದವರಿಗೆ ನಿಮಿಷಕ್ಕೆ ಸುಮಾರು 130ರಿಂದ 154. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಯ್ತು.

ಬರೀ ಸ್ಟ್ರೆಚಿಂಗ್ ಸಾಲದು, ಎದೆಬಡಿತ ಏರಲೇಬೇಕು. ಯಾಕೆಂದರೆ ಗಾಬರಿಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಬಡಿತ ಏರಿಸುತ್ತದೆ, ಹುಡುಗರು ಆ ಬಡಿತಕ್ಕೇ ಹೆದರುತ್ತಾರೆ, ಹೆದರಿದಷ್ಟೂ ಅದು ಇನ್ನೂ ಏರುತ್ತದೆ. ಓಡಿದಾಗಲೂ ಅದೇ ಬಡಿತ, ಅದೇ ಬೆವರು; ನಿಂತರೆ ತಾನಾಗೇ ಇಳಿಯುತ್ತದೆ. ಓಡಿ ನಿಂತ ಮೇಲೆ ಎದೆಯ ಮೇಲೆ ಕೈಯಿಟ್ಟು, ಬಡಿತ ಇಳಿಯುವುದನ್ನು ಎರಡು ನಿಮಿಷ ಗಮನಿಸಲು ಹೇಳಿ. ಇದು ರೂಢಿಯಾದರೆ ಪರೀಕ್ಷೆ ಕೊಠಡಿಯಲ್ಲಿ ಎದೆ ಬಡಿದುಕೊಂಡರೂ ಗಾಬರಿ ಬೆಳೆಯುವುದು ಕಡಿಮೆ.

ಉತ್ತರ 2
ಮೇಲಿನ ಮಾತಿಗೆ ಇಷ್ಟು ಸೇರಿಸುತ್ತೇನೆ. ಒಂದು ಸಲ ಮಾಡಿದ ವ್ಯಾಯಾಮದಿಂದ ಬರುವ ನಿರಾಳ ಸಾಮಾನ್ಯವಾಗಿ ಕೆಲವು ಗಂಟೆ ಉಳಿಯುತ್ತದೆ. ಹಾಗಾಗಿ ಕಷ್ಟದ ವಿಷಯ ಓದುವ ಮೊದಲು ಮಾಡಿಸುವುದು ಲಾಭ. ಮಲಗುವ ಮುನ್ನ ಒಂದು ಗಂಟೆಯೊಳಗೆ ಜೋರು ವ್ಯಾಯಾಮ ಬೇಡ, ನಿದ್ದೆ ತಡವಾಗುತ್ತದೆ.

ಪರೀಕ್ಷೆಗೆ ಎರಡು ದಿನ ಇದ್ದಾಗ ಹೊಸದಾಗಿ ಬಸ್ಕಿ, ದಂಡ ಶುರು ಮಾಡಿಸಲೇಬೇಡಿ. ರೂಢಿಯಿಲ್ಲದ ಸ್ನಾಯು 24ರಿಂದ 72 ಗಂಟೆಯೊಳಗೆ ಹೆಚ್ಚು ನೋಯುತ್ತದೆ, ಆ ನೋವಿನಲ್ಲಿ ಮೂರು ಗಂಟೆ ಕೂತು ಬರೆಯುವುದು ಹಿಂಸೆ. ಪರೀಕ್ಷೆಯ ಬೆಳಿಗ್ಗೆ 10-15 ನಿಮಿಷದ ನಡಿಗೆ ಸಾಕು. ಇನ್ನೊಂದು ಮಾತು: ಯಾರು ಜಾಸ್ತಿ ಓಡಿದರು ಅಂತ ದಯವಿಟ್ಟು ಹೋಲಿಸಬೇಡಿ. ಹೋಲಿಕೆ ಬಂತೆಂದರೆ ಅದೂ ಒಂದು ಪರೀಕ್ಷೆಯೇ ಆಗಿಬಿಡುತ್ತದೆ.

ಉತ್ತರ 3
ಕೊಠಡಿಯೊಳಗೆ ಗಾಬರಿಯಾದರೆ: ಪಾದಗಳನ್ನು ನೆಲಕ್ಕೆ ಒತ್ತಿ ತೊಡೆ 5 ಸೆಕೆಂಡು ಬಿಗಿ ಮಾಡಿ, 15 ಸೆಕೆಂಡು ಸಡಿಲ ಬಿಡುವುದು, ಮೂರು ಸಲ. ಆಮೇಲೆ ಮೂಗಿನಿಂದ 4 ಎಣಿಸುತ್ತಾ ಉಸಿರು ಒಳಗೆ, 6 ಎಣಿಸುತ್ತಾ ಹೊರಗೆ. ‘ಜೋರಾಗಿ ಉಸಿರೆಳೆದುಕೋ’ ಎಂದು ಹೇಳಿಕೊಡುವುದು ತಪ್ಪು. ಬೇಗ ಬೇಗ ದೀರ್ಘ ಉಸಿರಾಡಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ತುಟಿ ಜುಮ್ಮೆನ್ನುತ್ತದೆ, ಭಯ ಇಮ್ಮಡಿಯಾಗುತ್ತದೆ. ಮಾದರಿ ಪರೀಕ್ಷೆಗಳಲ್ಲೇ ರೂಢಿ ಮಾಡಿಸಿ.

ಓಡುವಾಗ ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಊಟ, ನಿದ್ದೆ ದಿನಗಟ್ಟಲೆ ಕೆಟ್ಟಿದ್ದರೆ, ಬದುಕು ಬೇಡವೆಂಬ ಮಾತು ಬಂದರೆ ವ್ಯಾಯಾಮವನ್ನು ನಂಬಿ ಕೂರಬೇಡಿ. ತಡಮಾಡದೆ ಮನೋವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರವಾಯ್ತು. ಓಡಲು ಮೈದಾನ ಇಲ್ಲದವರು?

ಉತ್ತರ 1
ನಿಂತಲ್ಲೇ ಸ್ಕಿಪ್ಪಿಂಗ್: ಒಂದು ನಿಮಿಷ ಹಾರಿ, ಒಂದು ನಿಮಿಷ ಮೆಲ್ಲಗೆ ಹೆಜ್ಜೆ ಹಾಕುವುದು, ಹತ್ತು ಸುತ್ತು. ಶೂ ಹಾಕಿರಲಿ, ಕಾಲು ಎರಡು ಅಂಗುಲಕ್ಕಿಂತ ಮೇಲೇಳುವುದು ಬೇಡ. ಎತ್ತರಕ್ಕೆ ಹಾರಿದಷ್ಟೂ ಮೊಣಕಾಲಿಗೆ ಹೊರೆ ಹೆಚ್ಚು.